ರೇಸ್ ಕಾರು: ಚಾಲಕನ ಕೌಶಲವೋ, ತಂತ್ರಜ್ಞಾನವೋ?

ಮಾನ್ಯ ಸದಸ್ಯರೇ, ಭಾನುವಾರ ಶಿರಸಿಯಲ್ಲಿ ಸೇರಿದಾಗ, ರೇಸ್ ಗೆಲ್ಲಿಸುವುದು ಚಾಲಕನ ಕೌಶಲವೋ ಕಾರಿನ ತಂತ್ರಜ್ಞಾನವೋ ಎಂಬ ಈ ಚರ್ಚೆಯನ್ನು ಮುಂದುವರಿಸೋಣ. 1957ರ ಜರ್ಮನ್ ಗ್ರ್ಯಾಂಡ್ ಪ್ರಿ ಎಂಬ ಫಾರ್ಮುಲಾ ಒನ್ ಕಾರು ರೇಸಿನಲ್ಲಿ 46 ವರ್ಷದ ಹುವಾನ್ ಮ್ಯಾನುಯೆಲ್ ಫಾಂಜಿಯೊ, ಸೀಟ್ ಬೆಲ್ಟ್ ಕೂಡ ಇಲ್ಲದ ಮಸೆರಾಟಿ 250ಎಫ್ ಕಾರಿನಲ್ಲಿ, ಪಿಟ್‌ನಲ್ಲಿ (ರೇಸಿನ ನಡುವೆ ಟೈರು, ಇಂಧನಕ್ಕಾಗಿ ನಿಲ್ಲುವ ಜಾಗ) ಕಳೆದುಕೊಂಡ ಸಮಯವನ್ನು ನೂರ್ಬರ್ಗ್‌ರಿಂಗ್ ಟ್ರ್ಯಾಕ್‌ನ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತಲೇ ಗಳಿಸಿಕೊಂಡು ಗೆದ್ದರು. ಜಾರುವ ಚಕ್ರಗಳನ್ನು ಹತೋಟಿಗೆ ತರಲು ಅವರಿಗಿದ್ದದ್ದು ಕೈಕಾಲುಗಳಷ್ಟೇ. 1993ರ ವಿಲಿಯಮ್ಸ್ ಎಫ್‌ಡಬ್ಲ್ಯು15ಸಿ ಕಾರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ (ವೇಗ ಹೆಚ್ಚಿಸುವಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಆ್ಯಕ್ಟಿವ್ ಸಸ್ಪೆನ್ಷನ್ (ಕಂಪ್ಯೂಟರ್ ನಿಯಂತ್ರಿಸುವ ಸಸ್ಪೆನ್ಷನ್) ಆ ಕೆಲಸದ ಬಹುಪಾಲನ್ನು ವಹಿಸಿಕೊಂಡವು. ಮರುವರ್ಷವೇ ಇವು ನಿಷೇಧಗೊಂಡದ್ದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಆದರೂ ತಿರುವಿನಲ್ಲಿ ತಲೆ ಮತ್ತು ಹೆಲ್ಮೆಟ್‌ನ ತೂಕದ ನಾಲ್ಕೈದು ಪಟ್ಟು ಒತ್ತಡವನ್ನು ಕತ್ತಿನಲ್ಲಿ ತಾಳಿಕೊಂಡೇ ಸ್ಟಿಯರಿಂಗ್ ಮೇಲಿನ ಗುಂಡಿಗಳನ್ನು ಹೊಂದಿಸುವ ಇಂದಿನ ಚಾಲಕರನ್ನು ಕಡಿಮೆಯವರೆನ್ನಲು ನಾನು ಖಂಡಿತ ಒಪ್ಪುವುದಿಲ್ಲ. ವಾದವನ್ನು ಸಮರ್ಥಿಸಲು ದೇವಿಮನೆ ಘಟ್ಟದಲ್ಲಿ ವೇಗವಾಗಿ ಓಡಿಸಿದ ವಿಡಿಯೊಗಳನ್ನು ಯಾರೂ ಹಾಕಬಾರದೆಂದು ಕೋರುತ್ತೇನೆ.