ಭಾನುವಾರದ ಕೂಟಕ್ಕೆ ನಿಯಮದ ಹಾಳೆ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ತುಮಕೂರಿನ ಬೋರ್ಡ್ ಗೇಮ್ ಕೂಟಕ್ಕೆ ಪ್ರತಿ ಟೇಬಲ್‌ಗೂ ಒಂದು ನಿಯಮದ ಹಾಳೆ ಬೇಕು. ಒಂದೇ ಎ4, ಎರಡೂ ಬದಿ. ರೂಲ್‌ಬುಕ್ ಪೂರ್ತಿ ಇಳಿಸಬೇಡಿ, ಆಟದ ಮಧ್ಯೆ ಯಾರೂ ಓದುವುದಿಲ್ಲ.

ಜಗಳ ಎಲ್ಲಿ ಶುರುವಾಗುತ್ತದೋ ಅದನ್ನು ಮಾತ್ರ ಬರೆಯಿರಿ. ಕಟಾನ್ ಆಟದಲ್ಲಿ ಎರಡು ದಾಳ ಸೇರಿ 7 ಬಿದ್ದರೆ, ಕೈಯಲ್ಲಿ 7ಕ್ಕಿಂತ ಜಾಸ್ತಿ ಕಾರ್ಡ್ ಇರುವವರು ಅರ್ಧ ಬಿಡಬೇಕು. 9 ಇದ್ದರೆ 4, 5 ಅಲ್ಲ. ಇಂಥ ಉದಾಹರಣೆ ಹಾಕಿದರೆ ಪಂಚಾಯಿತಿ ಅಲ್ಲೇ ಮುಗಿಯುತ್ತದೆ. ರಸ್ತೆ, ಊರು, ನಗರ ಕಟ್ಟುವ ಖರ್ಚು ಬೇಡ, ಅದು ಪೆಟ್ಟಿಗೆಯಲ್ಲಿರುವ ಕಾರ್ಡ್‌ನಲ್ಲೇ ಇದೆ ಅಲ್ವಾ?

ಡಂಜನ್ಸ್ ಅಂಡ್ ಡ್ರಾಗನ್ಸ್ (ಪಾತ್ರ ವಹಿಸಿ ಕಥೆ ಕಟ್ಟುವ ಆಟ) ಟೇಬಲ್‌ನವರು ಸ್ವಲ್ಪ ಗಮನಿಸಿ. ಅದರ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅದನ್ನು ಕನ್ನಡಕ್ಕೆ ತರಬಹುದು, ಪ್ರಿಂಟ್ ಹಾಕಿ ಹಂಚಬಹುದು. ಆದರೆ ಆಟದ ಪ್ರಕಾಶಕರು ಕೊಟ್ಟಿರುವ ಕೃಪೆಯ ಸಾಲು ಹಾಳೆಯ ಕೆಳಗೆ ಇರಲೇಬೇಕು. ದುಡ್ಡು ಕೊಟ್ಟು ತಂದ ಪುಸ್ತಕದ ಚಿತ್ರಗಳನ್ನು ಮುಟ್ಟಬೇಡಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಕಳಿಸಿ. ವರ್ಡ್ ಫೈಲ್ ಕೊಟ್ಟರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಾಗಿ ಒಂದು ಪುಟದ್ದು ಎರಡಾಗುತ್ತದೆ. ಅಕ್ಷರ 11 ಪಾಯಿಂಟ್‌ಗಿಂತ ಚಿಕ್ಕದಾದರೆ ಒತ್ತಕ್ಷರ ಮಸಿ ಚುಕ್ಕೆಯಂತೆ ಕಾಣುತ್ತದೆ. ಪ್ರಿಂಟ್ ಕಪ್ಪು ಬಿಳುಪು, ಹಾಗಾಗಿ "ಕೆಂಪು ಗೆರೆ ನೋಡಿ" ಅಂತೆಲ್ಲ ಬರೆಯಬೇಡಿ.

ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಶುಕ್ರವಾರ ಪ್ರಿಂಟ್ ಹಾಕಿಸಲು ಬಿ.ಎಚ್. ರಸ್ತೆಗೆ ಹೋಗುವವರು ಯಾರಾದರೂ ಇದ್ದೀರಾ?