ಜೀನ್ಸ್ ಹೊಲಿಯುವವರ ರೇಟು ಗೋಡೆ ಮೇಲೆ ಬರೆಯುವುದು ನಿಲ್ಲಲಿ: ಕಾರ್ಮಿಕ ಸಚಿವರಿಗೆ ಬಳ್ಳಾರಿಯಿಂದ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ ಸರ್.

ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಟೈಲರ್. ನಾನು ಕೆಲಸ ಮಾಡುವ ಯೂನಿಟ್‌ನಲ್ಲಿ ಈಗ ಮಷಿನ್‌ಗಳು ನಿಂತಿವೆ. ಪೀಸ್ ರೇಟು, ಅಂದರೆ ಒಂದೊಂದು ಪೀಸಿಗೆ ಕೊಡುವ ಕೂಲಿ, ಇಳಿಸಿದ್ದಕ್ಕೆ ಎಲ್ಲರೂ ಸೇರಿ ಕೆಲಸ ನಿಲ್ಲಿಸಿದ್ದೇವೆ. ಜಾಸ್ತಿ ಕೊಡಿ ಅಂತ ನಾವು ಕೇಳುತ್ತಿಲ್ಲ. ಕೊಡುತ್ತಿದ್ದುದನ್ನು ಕಿತ್ತುಕೊಳ್ಳಬೇಡಿ ಅಂತ ಕೂತಿದ್ದೇವೆ.

ಯೂನಿಟ್‌ನ ಹೆಸರು ಬರೆಯುವುದಿಲ್ಲ. ಬರೆದರೆ ಆ ಮಾಲೀಕರೊಬ್ಬರನ್ನು ಕರೆಸಿ, ನಾಲ್ಕು ಮಾತು ಹೇಳಿ ಕಳಿಸಿದರೆ ಸಮಸ್ಯೆ ಬಗೆಹರಿಯಿತು ಅಂತ ಆಗಿಬಿಡುತ್ತದೆ. ಕೌಲ್ ಬಜಾರ್, ಬಂಡಿಹಟ್ಟಿ, ಮಿಲ್ಲರ್‌ಪೇಟೆ, ಎಲ್ಲಿಯ ಟೈಲರ್‌ಗಳನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ.

ಹೊಸ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಮುಷ್ಕರ ಮಾಡುವವರು 14 ದಿನ ಮೊದಲೇ ನೋಟಿಸ್ ಕೊಡಬೇಕು. ಕೊಟ್ಟೇ ಕೂತಿದ್ದೇವೆ. ಅದೇ ಕಾನೂನು ಕೂಲಿ ಬದಲಿಸುವ ಮಾಲೀಕರೂ 21 ದಿನ ಮೊದಲು ನೋಟಿಸ್ ಕೊಡಬೇಕು ಅನ್ನುತ್ತದೆ. ನಮಗೆ ಅಂಥ ಯಾವ ನೋಟಿಸೂ ಬರಲಿಲ್ಲ. ಸೋಮವಾರ ಕೆಲಸಕ್ಕೆ ಬಂದಾಗ ಕಟಿಂಗ್ ಟೇಬಲ್ ಹಿಂದಿನ ಗೋಡೆಯಲ್ಲಿ ಹಳೇ ರೇಟು ಅಳಿಸಿ ಸೀಮೆಸುಣ್ಣದಲ್ಲಿ ಹೊಸ ರೇಟು ಬರೆದಿದ್ದರು. ನೂರು ರೂಪಾಯಿ ಬರುತ್ತಿದ್ದ ಕೆಲಸಕ್ಕೆ ಎಂಬತ್ತು. ಕೇಳಿದರೆ, ಬೇಕಾದವರು ಹೊಲಿಯಿರಿ, ಬೇಡವಾದವರು ಹೋಗಿ ಅಂದರು.

ಗೋಡೆ ಮೇಲಿನ ರೇಟಾದರೂ ಕಣ್ಣಿಗೆ ಕಾಣುತ್ತದೆ. ಕಾಣದೇ ಇಳಿಯುವ ರೇಟಿನ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮ್ಮ ಇಲಾಖೆಯ ಕಡತಕ್ಕೆ ಅದು ಬರುವುದೇ ಇಲ್ಲ. ಒಂದು ಪ್ಯಾಂಟ್ ಅಂದರೆ ಒಬ್ಬರ ಕೆಲಸ ಅಲ್ಲ. ಒಬ್ಬರು ಜೇಬು ಹೊಲಿಯುತ್ತಾರೆ, ಒಬ್ಬರು ಝಿಪ್ ಕೂಡಿಸುತ್ತಾರೆ, ಒಬ್ಬರು ಸೈಡ್ ಜೋಡಿಸುತ್ತಾರೆ, ಇನ್ನೊಬ್ಬರು ಬೆಲ್ಟ್, ಅಂದರೆ ಸೊಂಟದ ಪಟ್ಟಿ, ಹಾಕುತ್ತಾರೆ. ಪ್ರತಿಯೊಂದಕ್ಕೂ ಬೇರೆ ರೇಟು. ಹಿಂದಿನ ಜೇಬಿಗೆ ಮೊದಲು ಸಾದಾ ಡಬಲ್ ಹೊಲಿಗೆ ಇರುತ್ತಿತ್ತು. ಈಗ ಪಾರ್ಟಿ, ಅಂದರೆ ಮಾಲು ಕೊಳ್ಳುವ ವ್ಯಾಪಾರಿ, ಹೊಸ ಡಿಸೈನ್ ಕೇಳುತ್ತಾರೆ. ಜೇಬಿನ ಮೇಲೆ ಬಳ್ಳಿ ಥರ ದಾರ ಓಡಿಸಬೇಕು, ಮೂಲೆಯಲ್ಲಿ ನಿಲ್ಲಿಸಿ ತಿರುಗಿಸಬೇಕು. ಮೂರು ಜೇಬು ಆಗುವ ಹೊತ್ತಿಗೆ ಎರಡೇ ಆಗುತ್ತವೆ. ರೇಟು ಮಾತ್ರ ಹಳೇ ಜೇಬಿನದೇ. ಇನ್ನು ಆಲ್ಟರ್ ಅಂತ ವಾಪಸ್ ಬಂದ ಪೀಸು ಬಿಚ್ಚಿ ಮತ್ತೆ ಹೊಲಿಯುವುದಕ್ಕೆ ಒಂದು ಪೈಸೆಯೂ ಇಲ್ಲ. ಬಟ್ಟೆ ದಪ್ಪ ಬಂದು ಸೂಜಿ ಮುರಿದರೆ ಕೆಲವು ಕಡೆ ಅದೂ ನಮ್ಮ ಲೆಕ್ಕಕ್ಕೇ ಬರುತ್ತದೆ.

ಯಾಕೆ ಇಳಿಸಿದಿರಿ ಅಂದರೆ ಅಮೆರಿಕ ಅನ್ನುತ್ತಾರೆ, ಬಾಂಗ್ಲಾ ಅನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಶೇ 50ರಷ್ಟು ಸುಂಕ ಹಾಕಿದ್ದು ನಿಜ. ಬಾಂಗ್ಲಾದೇಶದ ಸಿದ್ಧ ಉಡುಪು 2011ರಿಂದ ಸುಂಕವಿಲ್ಲದೆ ನಮ್ಮ ದೇಶಕ್ಕೆ ಬರುತ್ತಿರುವುದೂ ನಿಜ. ಬಳ್ಳಾರಿ ಪ್ಯಾಂಟ್ ಹೆಚ್ಚಾಗಿ ನಮ್ಮ ದೇಶದ ಅಂಗಡಿಗಳಿಗೇ ಹೋಗುತ್ತದೆ. ಆದರೂ ಹೊರದೇಶಕ್ಕೆ ಹೋಗಬೇಕಿದ್ದ ಮಾಲು ಇಲ್ಲೇ ಉಳಿದರೆ ಇಲ್ಲಿನ ಬೆಲೆ ಬೀಳುತ್ತದೆ ಅಂತ ಮಾಲೀಕರು ಹೇಳುತ್ತಾರೆ. ಅದನ್ನೂ ಒಪ್ಪುತ್ತೇನೆ. ನಮ್ಮಲ್ಲಿ ಎಷ್ಟೋ ಮಾಲೀಕರು ಒಂದು ಕಾಲದಲ್ಲಿ ಮಷಿನ್ ಮೇಲೆ ಕೂತು ಹೊಲಿದವರೇ. ಮಾಲು ತಗೊಂಡು ಹೋದ ವ್ಯಾಪಾರಿ ತಿಂಗಳುಗಟ್ಟಲೆ ದುಡ್ಡು ಕೊಡುವುದಿಲ್ಲ, ಅವರ ಕಷ್ಟವೂ ನಮಗೆ ಗೊತ್ತು.

ಆದರೆ ಒಂದು ಪ್ಯಾಂಟಿನ ಖರ್ಚು ಬಿಡಿಸಿ ನೋಡಿ ಸರ್. ಡೆನಿಮ್ ಬಟ್ಟೆಯ ಬೆಲೆ ಮಿಲ್‌ನವರು ಹೇಳಿದ್ದು. ಝಿಪ್, ಬಟನ್, ದಾರ ಕಂಪನಿಯವರು ಹೇಳಿದ್ದು. ಕರೆಂಟಿನ ದರ ಆಯೋಗ ಹೇಳಿದ್ದು. ಹೊಲಿದ ಪ್ಯಾಂಟ್ ಒಗೆದುಕೊಡುವ ವಾಷಿಂಗ್‌ನವರು ನೀರು, ಕೆಮಿಕಲ್ ಲೆಕ್ಕ ಹಾಕಿ ಹೇಳುತ್ತಾರೆ. ಬ್ಯಾಂಕಿನ ಬಡ್ಡಿ ಒಂದು ದಿನವೂ ನಿಲ್ಲುವುದಿಲ್ಲ. ಇವರ ಯಾರ ಹತ್ತಿರವೂ ಮಾಲೀಕರ ಮಾತು ನಡೆಯುವುದಿಲ್ಲ. ನಡೆಯುವುದು ನಮ್ಮ ಹತ್ತಿರ ಮಾತ್ರ. ಅಮೆರಿಕದಲ್ಲಿ ಯಾರೋ ಸುಂಕ ಏರಿಸಿದರೆ ಬಳ್ಳಾರಿಯಲ್ಲಿ ಜೇಬಿನ ರೇಟು ಇಳಿಯುವುದು ಹೀಗೆ. ಸುಂಕ ಇಳಿದರೂ, ಆರ್ಡರ್ ಜಾಸ್ತಿ ಆದರೂ ಗೋಡೆ ಮೇಲಿನ ರೇಟು ತಾನಾಗಿ ಏರುತ್ತಾ? ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗಾಗಿದ್ದನ್ನು ನಾನು ಕಂಡಿಲ್ಲ.

ಬಾಂಗ್ಲಾದವರು ಕಮ್ಮಿಗೆ ಹೊಲಿಯುತ್ತಾರೆ ಅಂತ ನಮಗೆ ಹೇಳುವವರು ಅಲ್ಲಿ ಏನಾಯಿತು ಅಂತ ಹೇಳುವುದಿಲ್ಲ. 2023ರ ಕೊನೆಯಲ್ಲಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗೆ ಬಂದರು. ಕೆಲವರು ಪ್ರಾಣ ಕಳೆದುಕೊಂಡರು. ತಿಂಗಳಿಗೆ 8,000 ಟಾಕಾ ಇದ್ದ ಕನಿಷ್ಠ ವೇತನ ಆ ಡಿಸೆಂಬರ್‌ನಿಂದ 12,500 ಆಯಿತು. ಅವರು ಕೇಳಿದ್ದು 23,000. ಅಂದರೆ ಅವರೂ ನಮ್ಮ ಹಾಗೇ ಹೊಟ್ಟೆಪಾಡಿಗೆ ಜಗಳ ಮಾಡುತ್ತಿರುವವರು. ಅವರ ಹೆಸರು ಹೇಳಿ ನಮ್ಮ ರೇಟು ಇಳಿಸುವುದು, ನಮ್ಮ ಹೆಸರು ಹೇಳಿ ಅವರ ರೇಟು ಇಳಿಸುವುದು, ಇದಕ್ಕೆ ಕೊನೆ ಎಲ್ಲಿದೆ ಹೇಳಿ.

ಸರ್ಕಾರಗಳು ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸ ಆಗುತ್ತದೆ ಅಂತಲೂ ನೋಡಿದ್ದೇವೆ. ಅಮೆರಿಕದ 50ರ ಸುಂಕ ಜಾರಿಗೆ ಬರುವ ಮೊದಲೇ, ಆಗಸ್ಟ್ 19ರಿಂದ, ಕೇಂದ್ರ ಸರ್ಕಾರ ಹೊರದೇಶದ ಹತ್ತಿ ಮೇಲಿದ್ದ ಶೇ 11ರ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ತನಕ ಅಂದರು, ಆಮೇಲೆ ಡಿಸೆಂಬರ್ ತನಕ ಮುಂದುವರಿಸಿದರು. ಮಿಲ್‌ಗಳಿಗೆ ಅನುಕೂಲ ಆಗಲಿ ಅಂತ. ಅದರಿಂದ ನಮ್ಮ ಪೀಸ್ ರೇಟಿಗೆ ಒಂದು ಪೈಸೆ ಸೇರಲಿಲ್ಲ. ಆದರೆ ನನ್ನ ಅಣ್ಣ ಊರಲ್ಲಿ ಹತ್ತಿ ಬೆಳೆಯುತ್ತಾನೆ. ಅವನು ಹತ್ತಿ ಬಿಡಿಸಿ ಮಾರ್ಕೆಟ್ಟಿಗೆ ಒಯ್ಯುವ ಹೊತ್ತಿಗೆ ಸರಿಯಾಗಿ ಹೊರಗಿನ ಹತ್ತಿಗೆ ಬಾಗಿಲು ತೆಗೆದಂತಾಯಿತು. ಒಂದೇ ಮನೆಯಲ್ಲಿ ಹತ್ತಿ ಬೆಳೆದವನಿಗೂ ಪೆಟ್ಟು, ಆ ಹತ್ತಿಯ ಪ್ಯಾಂಟ್ ಹೊಲಿದವನಿಗೂ ಪೆಟ್ಟು. ನೀವು ಈ ಭಾಗಕ್ಕೆ ಬಂದು ಹೋಗುವವರು, ಇಂಥ ಮನೆಗಳು ಬಳ್ಳಾರಿ, ರಾಯಚೂರು ಕಡೆ ಎಷ್ಟಿವೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜತೆಗೆ ಡ್ಯಾಮಿನ ಕಥೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಆಮೇಲೆ 33 ಗೇಟ್‌ಗಳನ್ನೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರು ನಿಲ್ಲಿಸಿದರು. ಗೇಟ್ ಬದಲಿಸಲೇಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗದ್ದೆ ಕೆಲಸ ಇಲ್ಲದಾಗ ಹಳ್ಳಿಯ ಹುಡುಗರು ಕೆಲಸ ಹುಡುಕಿಕೊಂಡು ಬಳ್ಳಾರಿಗೇ ಬರುತ್ತಾರೆ. ಕೊಟ್ಟಷ್ಟು ಕೊಡಿ ಅನ್ನುತ್ತಾರೆ. ರೇಟು ಇಳಿಸುವವರಿಗೆ ಇದಕ್ಕಿಂತ ಒಳ್ಳೇ ಸಮಯ ಇಲ್ಲ. ಆ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೂ ನಮಗೂ ಸೇರಿ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಗೆರೆ ಬೇಕು. ಆ ಗೆರೆ ಎಳೆಯಬೇಕಾದವರು ನೀವು.

ಗೆರೆ ಕಾನೂನಿನಲ್ಲಿ ಈಗಾಗಲೇ ಇದೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಹೌದು, ಇದೆ. ಪೀಸ್ ಲೆಕ್ಕದಲ್ಲಿ ದುಡಿದರೂ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡಬಾರದು ಅಂತ 1948ರ ಕಾಯ್ದೆಯಲ್ಲೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಅದು ಇಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಅಂತ ಹೇಳುತ್ತೇನೆ. ಶನಿವಾರ ಬಟವಾಡೆ ದಿನ ನಮ್ಮ ಕೈಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಎಷ್ಟು ಪೀಸು, ಎಷ್ಟು ರೇಟು, ಅಡ್ವಾನ್ಸ್ ಎಷ್ಟು ಮುರಿದುಕೊಂಡರು, ಕೈಗೆ ಎಷ್ಟು ಅಂತ ಇರುತ್ತದೆ. ಎಷ್ಟು ಗಂಟೆ ಕೂತು ಹೊಲಿದೆವು ಅಂತ ಇರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕೂತು ರಾತ್ರಿ ಒಂಬತ್ತಕ್ಕೆ ಎದ್ದವನ ಚೀಟಿಯೂ, ಸಂಜೆ ಐದಕ್ಕೆ ಮನೆಗೆ ಹೋದವನ ಚೀಟಿಯೂ ನೋಡಲು ಒಂದೇ ಥರ. ಗಂಟೆ ಬರೆಯದ ಚೀಟಿ ಇಟ್ಟುಕೊಂಡು ಯಾವ ಇನ್‌ಸ್ಪೆಕ್ಟರ್ ಬಂದರೂ ಕನಿಷ್ಠ ವೇತನ ಸಿಕ್ಕಿದೆಯಾ ಇಲ್ಲವಾ ಅಂತ ಲೆಕ್ಕ ಹಾಕಲು ಆಗುವುದಿಲ್ಲ.

2025ರ ಏಪ್ರಿಲ್‌ನಲ್ಲಿ ನಿಮ್ಮ ಇಲಾಖೆ ಕನಿಷ್ಠ ವೇತನದ ಕರಡು ಹೊರಡಿಸಿದಾಗ ನಾವು ಅದನ್ನು ಮೊಬೈಲಲ್ಲಿ ಓದಿ ಒಬ್ಬರಿಗೊಬ್ಬರು ತೋರಿಸಿದ್ದೆವು. ಕೌಶಲ್ಯವಿಲ್ಲದ ಕೆಲಸಕ್ಕೂ, ಕೂಲಿ ಎಲ್ಲಕ್ಕಿಂತ ಕಮ್ಮಿ ಇರುವ ಕೊನೆಯ ವಲಯದಲ್ಲೂ, ತಿಂಗಳಿಗೆ 19,319 ರೂಪಾಯಿ ಅಂತ ಅದರಲ್ಲಿತ್ತು. ಒಂದು ಕುಟುಂಬಕ್ಕೆ ಊಟ, ಬಟ್ಟೆ, ಬಾಡಿಗೆ, ಮಕ್ಕಳ ಓದು, ಆಸ್ಪತ್ರೆ ಎಲ್ಲ ಸೇರಿಸಿ ಲೆಕ್ಕ ಹಾಕುವ ಈ ಕ್ರಮ ಹೊಸದಲ್ಲ. 1957ರ ಕಾರ್ಮಿಕ ಸಮ್ಮೇಳನ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಬೇಕು ಅಂತ ಗೊತ್ತು ಮಾಡಿತ್ತು. ದಿನವಿಡೀ ಬಟ್ಟೆ ಹೊಲಿಯುವ ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಮಕ್ಕಳಿಗೆ ಒಂದು ಜೊತೆ ತಗೊಳ್ಳಲು ಅಡ್ವಾನ್ಸ್ ಕೇಳಬೇಕು. ಕರಡು ಬಂದಾಗ ಮಾಲೀಕರ ಸಂಘಗಳು ಉದ್ದಿಮೆ ಬೇರೆ ರಾಜ್ಯಕ್ಕೆ ಹೋಗುತ್ತದೆ ಅಂದವು. ಈ ಮಾತನ್ನು ನಾವು ಪ್ರತಿ ಸಲ ಕೇಳುತ್ತೇವೆ. 2020ರಲ್ಲೂ ಹೀಗೇ ಆಗಿತ್ತು. ಆ ಏಪ್ರಿಲ್‌ನಲ್ಲಿ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಏರಬೇಕಿತ್ತು. ಅವತ್ತಿನ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಒಪ್ಪಲಿಲ್ಲ. ಕಡೆಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಬಾಕಿ ಸಮೇತ ಕೊಡಬೇಕಾಯಿತು. ಕೊಟ್ಟ ಮೇಲೂ ಬೆಂಗಳೂರಿನ ಗಾರ್ಮೆಂಟ್ಸ್ ಉದ್ಯಮ ಅಲ್ಲೇ ಇದೆ.

ಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಣ್ಣುಮಕ್ಕಳ ವಿಷಯ ಬರೆಯದೇ ಈ ಪತ್ರ ಮುಗಿಸಲಾರೆ. ಹೊಲಿದ ಪ್ಯಾಂಟುಗಳನ್ನು ಗಂಟು ಕಟ್ಟಿ ಅವರ ಮನೆಗೆ ಇಳಿಸಿ ಹೋಗುತ್ತಾರೆ. ಅಜ್ಜಿ, ಸೊಸೆ, ಸ್ಕೂಲಿಂದ ಬಂದ ಮಗಳು, ಎಲ್ಲರೂ ಸುತ್ತ ಕೂತು ಸಣ್ಣ ಕತ್ತರಿಯಲ್ಲಿ ಉಳಿದ ದಾರ ತೆಗೆಯುತ್ತಾರೆ. ಅಂಗೈಗೆ ಹತ್ತಿದ ನೀಲಿ ಬಣ್ಣ ಸೋಪು ಹಚ್ಚಿದರೂ ಹೋಗುವುದಿಲ್ಲ, ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾರೆ. ನಮ್ಮ ರೇಟು ರೂಪಾಯಿಯಲ್ಲಿ ಇಳಿದರೆ ಅವರದು ಪೈಸೆಯಲ್ಲಿ ಇಳಿಯುತ್ತದೆ. ಪೈಸೆ ತಾನೇ ಅಂದುಕೊಂಡು ಯಾರೂ ವಿಚಾರಿಸುವುದಿಲ್ಲ. ಅವರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ, ಹಾಗಾಗಿ ಮುಷ್ಕರ ಮಾಡಿದರೂ ಅವರು ಲೆಕ್ಕಕ್ಕಿಲ್ಲ. ಆದರೂ ನಮ್ಮ ಜತೆ ಬಂದು ಕೂತಿದ್ದಾರೆ.

ರಿಜಿಸ್ಟರ್ ಅಂದರೆ ನಮ್ಮದೂ ಅಷ್ಟಕ್ಕಷ್ಟೇ. ಒಂದು ಕಡೆ 20 ಜನ ಇದ್ದರೆ ಮಾಲೀಕರು ಪಿಎಫ್ (ಭವಿಷ್ಯ ನಿಧಿ) ಕಟ್ಟಬೇಕು, 10 ಜನ ಇದ್ದರೆ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಬೇಕು. ಹಾಗಾಗಿ ಜನ ಕಮ್ಮಿ ತೋರಿಸಲು ಒಂದೇ ಕಟ್ಟಡದಲ್ಲಿ ಕಟಿಂಗ್ ಒಬ್ಬರ ಹೆಸರಲ್ಲಿ, ಹೊಲಿಗೆ ಇನ್ನೊಬ್ಬರ ಹೆಸರಲ್ಲಿ, ಪ್ಯಾಕಿಂಗ್ ಮತ್ತೊಬ್ಬರ ಹೆಸರಲ್ಲಿ ಇರುವುದನ್ನು ಕಂಡಿದ್ದೇನೆ. ಕೆಲಸದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಕರೆಂಟ್ ಬಳಸುವ ಕಡೆ 20 ಜನ ಇದ್ದರೆ ಮಾತ್ರ ಫ್ಯಾಕ್ಟರಿ. ಮೊದಲು 10 ಇತ್ತು. ಇದರಿಂದ ಬಳ್ಳಾರಿಯ ಸಣ್ಣ ಯೂನಿಟ್‌ಗಳು ಇನ್ನಷ್ಟು ನಿಮ್ಮ ಇಲಾಖೆಯ ಕಣ್ಣಿಂದ ಮರೆಯಾಗುತ್ತವೆ ಅನ್ನುವುದು ನನ್ನ ಭಯ.

2023ರ ವಿಧಾನಸಭೆ ಚುನಾವಣೆಯ ಹೊತ್ತಲ್ಲಿ ನಿಮ್ಮ ಪಕ್ಷದ ನಾಯಕರು ಬಳ್ಳಾರಿಗೆ ಬಂದು, ಈ ಊರನ್ನು ಜೀನ್ಸ್ ರಾಜಧಾನಿ ಮಾಡುತ್ತೇವೆ, 5,000 ಕೋಟಿ ರೂಪಾಯಿಯ ಉಡುಪು ಉದ್ದಿಮೆ ಪಾರ್ಕ್ ತರುತ್ತೇವೆ ಅಂದಿದ್ದರು. ನಾವು ಚಪ್ಪಾಳೆ ತಟ್ಟಿದ್ದೆವು. ಈಗಲೂ ಪಾರ್ಕ್ ಬೇಕು ಅಂತಲೇ ಹೇಳುತ್ತೇನೆ. ವಾಷಿಂಗ್‌ನ ನೀರು ಶುದ್ಧ ಮಾಡುವ ಘಟಕ, ಮಷಿನ್‌ಗಳು, ರಸ್ತೆ ಎಲ್ಲವೂ ಬೇಕು. ಆದರೆ ಸರ್ಕಾರದ ದುಡ್ಡು ಪಡೆಯುವ ಯೂನಿಟ್ ಟೈಲರ್‌ಗೆ ಗೊತ್ತಾದ ರೇಟು ಕೊಡಲೇಬೇಕು ಅಂತ ಅದೇ ಕಾಗದದಲ್ಲಿ ಬರೆಯಿಸಿ. ಜಾಗಕ್ಕೆ, ಬಡ್ಡಿಗೆ, ಕರೆಂಟಿಗೆ ಸಬ್ಸಿಡಿ ಕೊಡುವಾಗ ಹತ್ತು ಷರತ್ತು ಹಾಕುತ್ತೀರಿ. ಹನ್ನೊಂದನೆಯದು ನಮ್ಮ ಕೂಲಿಯದಾಗಲಿ.

ಈಗ ತುರ್ತಾಗಿ ಬೇಕಾದದ್ದು ಒಂದು ಸಭೆ. ಬೆಂಗಳೂರಲ್ಲಿ ಬೇಡ, ಬಳ್ಳಾರಿಯಲ್ಲೇ ಕರೆಯಿರಿ. ಮಾಲೀಕರು, ಟೈಲರ್‌ಗಳು, ವಾಷಿಂಗ್‌ನವರು, ದಾರ ಕತ್ತರಿಸುವ ಹೆಣ್ಣುಮಕ್ಕಳು, ನಿಮ್ಮ ಇಲಾಖೆಯವರು ಒಂದೇ ಟೇಬಲ್‌ಗೆ ಬರಲಿ. ಒಬ್ಬ ಸಾಧಾರಣ ಟೈಲರ್ ಎಂಟು ಗಂಟೆಯಲ್ಲಿ ಎಷ್ಟು ಜೇಬು, ಎಷ್ಟು ಬೆಲ್ಟ್, ಎಷ್ಟು ಸೈಡ್ ಮಾಡಬಲ್ಲ ಅಂತ ಮಷಿನ್ ಮುಂದೆ ನಿಂತು ನೋಡಿ. ಕನಿಷ್ಠ ವೇತನವನ್ನು ಅದರಿಂದ ಭಾಗಿಸಿ. ಬರುವ ರೇಟೇ ಇಡೀ ಊರಿಗೆ ಕೆಳಗಿನ ರೇಟು. ಡಿಸೈನ್ ಬದಲಾದರೆ ರೇಟೂ ಬದಲಾಗಲಿ. ಆಲ್ಟರ್‌ಗೂ ಕೂಲಿ ಇರಲಿ. ಚೀಟಿಯಲ್ಲಿ ಗಂಟೆಯೂ ಬರಲಿ. ಹೀಗಾದರೆ ಸರಿಯಾಗಿ ಕೂಲಿ ಕೊಡುವ ಮಾಲೀಕರಿಗೂ ಅನುಕೂಲ, ಪಕ್ಕದ ಯೂನಿಟ್‌ನವರು ಕಮ್ಮಿ ಕೂಲಿ ಕೊಟ್ಟು ಇವರ ಆರ್ಡರ್ ಕಸಿಯಲು ಆಗುವುದಿಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವ ನಿಯಮ ವ್ಯಾಪಾರಿಗಳ ಮೇಲೆ ಸರಿಯಾಗಿ ಜಾರಿ ಆದರೆ ಮಾಲೀಕರ ಕೈಯೂ ಸಡಿಲ ಆಗುತ್ತದೆ. ಅವರ ಪರವಾಗಿ ಅದನ್ನೂ ನಾವೇ ಕೇಳುತ್ತಿದ್ದೇವೆ.

ಸಭೆ ಆಗುವ ತನಕ ಹಳೇ ರೇಟಲ್ಲಿ ಕೆಲಸಕ್ಕೆ ಹೋಗಲು ನಾವು ತಯಾರಿದ್ದೇವೆ. ಸುಮ್ನೆ ಕೂತರೆ ನಮ್ಮ ಮನೆ ನಡೆಯುವುದಿಲ್ಲ. ಹಳೇ ರೇಟು ಮುಂದುವರಿಸಿ ಅಂತ ಒಂದು ಆದೇಶ ಮಾಡಿಸಿ, ಸಭೆಯ ದಿನ ತಿಳಿಸಿ. ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟ ಮನವಿಯಲ್ಲಿ ನಮ್ಮೆಲ್ಲರ ಸಹಿ ಇದೆ.

ಇಂತಿ,
ಬಳ್ಳಾರಿಯ ಒಬ್ಬ ಜೀನ್ಸ್ ಟೈಲರ್