ಹಸಿರು ಗೋಳ ಇಟ್ಟುಕೊಂಡು ಧ್ಯಾನ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಸಿರು ಸ್ಫಟಿಕದ ಗೋಳದ ಬಗ್ಗೆ ಬಿಡಿಬಿಡಿಯಾಗಿ ಕೇಳುತ್ತಿದ್ದೀರಿ, ಒಟ್ಟಿಗೇ ಹೇಳಿಬಿಡುತ್ತೇನೆ.

ಮೊದಲು ಎಚ್ಚರಿಕೆ. ಪಾರದರ್ಶಕ ಗೋಳವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಲೇಬೇಡಿ. ಅದು ಬಿಸಿಲನ್ನು ಒಂದೇ ಚುಕ್ಕೆಗೆ ಸೇರಿಸುತ್ತದೆ. ಪರದೆ, ಕಾಗದ ಹೊತ್ತಿಕೊಳ್ಳಬಹುದು. ಬಳಸಿದ ಮೇಲೆ ಬಟ್ಟೆ ಮುಚ್ಚಿಡಿ.

ಹಸಿರೇ ಯಾಕೆ? ಈಗಿನ ಪುಸ್ತಕಗಳಲ್ಲಿ ಎದೆಯ ಅನಾಹತ ಚಕ್ರಕ್ಕೆ (ಚಕ್ರ ಅಂದರೆ ಯೋಗದಲ್ಲಿ ಹೇಳುವ ದೇಹದ ಶಕ್ತಿಕೇಂದ್ರ) ಹಸಿರು ಬಣ್ಣ ಕೊಟ್ಟಿದ್ದಾರೆ. ಕಾಮನಬಿಲ್ಲಿನ ಏಳು ಬಣ್ಣಗಳನ್ನು ಏಳು ಚಕ್ರಗಳಿಗೆ ಹಂಚಿದ್ದು 20ನೇ ಶತಮಾನದಲ್ಲಿ, ಹಳೆಯ ತಂತ್ರಗ್ರಂಥಗಳಲ್ಲಿ ಅಲ್ಲ. ಹಾಗಂತ ಬಿಡಬೇಕಿಲ್ಲ. ಚಿಗುರಿನ ಬಣ್ಣ ನೋಡಿದರೆ ಮನಸ್ಸು ಹಗುರಾಗುತ್ತದೆ ಅಲ್ವಾ? ಗೋಳಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಅದಕ್ಕೇ ಪೂರ್ಣತೆಯ ಗುರುತು.

ಬಳಸುವ ಕ್ರಮ ನಮ್ಮ ತ್ರಾಟಕದ್ದೇ, ಅಂದರೆ ಕಣ್ಣು ಮಿಟುಕಿಸದೆ ಒಂದನ್ನೇ ನೋಡುವ ಯೋಗಾಭ್ಯಾಸದ್ದು. ಕಣ್ಣೀರು ಬರುವವರೆಗೂ ನೋಡಬೇಕೆಂದು ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆ ಹೇಳುತ್ತದೆ. ಹೊಸಬರು ಅಷ್ಟು ಹಟ ಮಾಡಬೇಡಿ. ಗೋಳವನ್ನು ಒಂದು ಕೈಯಳತೆ ದೂರದಲ್ಲಿ, ಕಣ್ಣಿನ ಮಟ್ಟಕ್ಕೆ ಇಡಿ. ಒಳಗೆ ಮಂಜಿನಂಥ ಎಳೆಯೋ ಸಣ್ಣ ಬಿರುಕೋ ಇರುತ್ತದೆ. ಅದೊಂದನ್ನೇ ನೋಡುತ್ತಾ ಕೂತುಕೊಳ್ಳಿ. ಉಸಿರನ್ನು ಅದರ ಪಾಡಿಗೆ ಬಿಡಿ. ಕಣ್ಣು ಉರಿದರೆ ಮುಚ್ಚಿ. ಆಗ ಗುಲಾಬಿ ಛಾಯೆಯ ದುಂಡು ಕಾಣಿಸಬಹುದು. ಅದು ದರ್ಶನವಲ್ಲ, ಹಸಿರು ನೋಡಿ ದಣಿದ ಕಣ್ಣಿನ ಸಹಜ ಗುಣ. ಅದು ಮಾಸುವವರೆಗೆ ಅದನ್ನೇ ಗಮನಿಸಿ. ನನಗಂತೂ ಧ್ಯಾನದ ಸೊಗಸು ಇಲ್ಲೇ ಜಾಸ್ತಿ.

ಫ್ಲೋರೈಟ್ ಎಂಬ ಖನಿಜದ ಗೋಳ ಮೆತ್ತಗಿನದು, ಬೇಗ ಗೀರು ಬೀಳುತ್ತದೆ. ಅವೆಂಚುರಿನ್ ಎಂಬ ಕಲ್ಲಿನದು ಗಟ್ಟಿ. ಗಾಜಿನದ್ದಾದರೂ ಅಭ್ಯಾಸಕ್ಕೆ ಸಾಕು.

ಗೋಳದಿಂದ ಕಾಯಿಲೆ ವಾಸಿಯಾಗುತ್ತದೆ ಎನ್ನುವ ಮೆಸೇಜ್‌ಗಳನ್ನು ದಯವಿಟ್ಟು ಇಲ್ಲಿ ಫಾರ್ವರ್ಡ್ ಮಾಡಬೇಡಿ.